ಮೊಬೈಲಿನ ಮದುಮಗಳು, ಶುಕ್ರವಾರದ ಬಸ್ತಾ

ನಾಚಿಕೆಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಉಳಿದದ್ದು ಬರೆಯಲು ಸುಲಭವಾದೀತು. ನನಗೆ ಐವತ್ತಾರು ವರ್ಷ. ಬಸವನ ಬಾಗೇವಾಡಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ದಪ್ಪ ಮೀಸೆ, ದೊಡ್ಡ ದನಿ. ನಾನು ವರಾಂಡದಲ್ಲಿ ಕೆಮ್ಮಿದರೆ ಮೂರು ತರಗತಿ ಸುಮ್ಮನಾಗುತ್ತವೆ. ಇಂಥ ನಾನು ಎರಡು ವರ್ಷಗಳಿಂದ ಪ್ರತಿ ಸೋಮವಾರ, ಪ್ರತಿ ಶುಕ್ರವಾರ ಡಯಾಲಿಸಿಸ್ ಯಂತ್ರದ ಪಕ್ಕ ನಾಲ್ಕು ತಾಸು ಮಲಗಿ, ಮೊಬೈಲಿನಲ್ಲಿ ಗೊಂಬೆಗಳಿಗೆ ಸೀರೆ ಉಡಿಸುತ್ತೇನೆ. ತುರುಬು ಕಟ್ಟುತ್ತೇನೆ, ಕಾಡಿಗೆ ಹಚ್ಚುತ್ತೇನೆ, ಮೂಗಿಗೆ ನತ್ತು ಇಡುತ್ತೇನೆ. ಹತ್ತನೆಯ ತರಗತಿಯ ಒಬ್ಬ ಹುಡುಗಿ ಇಂಥದೇ ಆಟ ಆಡುತ್ತಿದ್ದಾಗ ಅವಳ ಮೊಬೈಲ್ ಕಸಿದುಕೊಂಡು, ಇಡೀ ತರಗತಿಗೆ ತೋರಿಸಿ ನಗಾಡಿ, ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿದವನೂ ನಾನೇ.

ಬೇನೆ ಬಂದದ್ದು ಚಪ್ಪಲಿಯಿಂದ ಗೊತ್ತಾಯಿತು. ಅದೇ ಚಪ್ಪಲಿ, ಒಂದು ತಿಂಗಳಿಂದ ಬಿಗಿ. ಪಾದ ಬಾತಿದ್ದವು. ಸಕ್ಕರೆ ಕಾಯಿಲೆ ಹಳೆಯದು, ಗುಳಿಗೆ ಮನಸ್ಸಾದಾಗ ನುಂಗುತ್ತಿದ್ದೆ. ರಕ್ತ ತಪಾಸಣೆ ಮಾಡಿಸಿ ಡಾಕ್ಟರ ಬಾಗಿಲಲ್ಲಿ ಕಾಯುತ್ತ ಕುಳಿತಾಗ ಪಕ್ಕದಲ್ಲಿದ್ದ ಹೆಂಡತಿ ಮಹಾದೇವಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು, ಮತ್ತೆ ಸುತ್ತುತ್ತಿದ್ದಳು. ಒಳಗೆ ಹೋದ ಮೇಲೆ ಡಾಕ್ಟರು, ಎರಡೂ ಕಿಡ್ನಿಯ ಕೆಲಸ ನೂರಕ್ಕೆ ಎಂಟರಷ್ಟು ಮಾತ್ರ ಉಳಿದಿದೆ ಎಂದರು. ನನ್ನ ಬಾಯಿಂದ ಬಂದದ್ದು, “ಎಂಟ ಅಂದ್ರ ಪಾಸ್ ಆಗಂಗಿಲ್ಲಲ್ರಿ ಸರ್” ಎಂಬ ಮಾತು. ಡಾಕ್ಟರು ನಗಲಿಲ್ಲ. ಮಹಾದೇವಿ ಬಾಯಿಗೆ ಸೆರಗು ಒತ್ತಿಕೊಂಡಳು.

ಮನೆಗೆ ಬಂದ ಮೇಲೆ ಅವಳು ಮಾಡಿದ ಮೊದಲ ಕೆಲಸ, ಒಂದು ಹಿತ್ತಾಳೆ ತಂಬಿಗೆಯನ್ನು ತಿಕ್ಕಿ ತೊಳೆದು ನನ್ನ ಪಾಲಿಗೆ ಬೇರೆ ಇಟ್ಟದ್ದು. ದಿನಕ್ಕೆ ಇಷ್ಟೇ ನೀರು. ಚಹಾ, ಸಾರು, ಮಜ್ಜಿಗೆ ಎಲ್ಲ ಅದರ ಲೆಕ್ಕದಲ್ಲೇ. ಬಾಳೆಹಣ್ಣು ಬಂದ್, ಎಳನೀರು ಅಂತೂ ಹೆಸರೇ ಎತ್ತುವಂತಿಲ್ಲ, ಅದರಲ್ಲಿರುವ ಖನಿಜ ನಮ್ಮಂಥವರ ಗುಂಡಿಗೆಯನ್ನು ನಿಲ್ಲಿಸಿಬಿಡಬಹುದು ಎಂದು ಡಾಕ್ಟರು ಎರಡೆರಡು ಸಲ ಹೇಳಿದ್ದರು. ಬೇಸಿಗೆಯಲ್ಲಿ ನಮ್ಮ ಕಡೆಯ ಬಿಸಿಲು ಗೊತ್ತಿದ್ದವರಿಗೆ ಆ ತಂಬಿಗೆಯ ಕಷ್ಟ ಹೇಳಬೇಕಿಲ್ಲ.

ಬೇನೆಗಿಂತ ನನಗೆ ಹೆಚ್ಚು ಅಂಜಿಕೆ ಹುಟ್ಟಿಸಿದ್ದು ಮಂದಿ. ಮಗಳು ಲೀಲಾ ಬಿ.ಎಡ್. ಮುಗಿಸಿದ್ದಳು, ವರ ನೋಡುವ ಹೊತ್ತು. “ತಂದಿಗೆ ಕಿಡ್ನಿ ಹೋಗ್ಯಾವ ಅಂದ್ರ ಯಾರ್ ಬರ್ತಾರ ಹೆಣ್ಣ ನೋಡಾಕ? ಕುಲದಾಗಿನ ಬ್ಯಾನಿ ಅಂತಾರ” ಎಂದೆ. ಹೆಂಡತಿ, ಮಗಳು ಇಬ್ಬರನ್ನೂ ಎದುರಿಗೆ ಕೂಡಿಸಿಕೊಂಡೆ. ಲೀಲಾಳ ಬಲಗೈ ಎಳೆದು ನನ್ನ ನೆತ್ತಿಯ ಮೇಲೆ ಇಟ್ಟುಕೊಂಡೆ.

“ನನ್ನ ತಲಿ ಮ್ಯಾಲ ಆಣಿ ಮಾಡು. ಯಾರಿಗೂ ಹೇಳಂಗಿಲ್ಲ.”

“ಅಪ್ಪಾ, ಇದೇನ ಹುಚ್ಚತನ? ಬ್ಯಾನಿ ಏನ್ ಕಳುವ ಮಾಡಿದ್ದೇನ?”

“ಆಣಿ ಮಾಡಂದ್ರ ಮಾಡಬೇಕು.”

ಮಾಡಿದಳು. ನನ್ನ ಬಕ್ಕ ತಲೆಯ ಮೇಲಿನ ಕೈ ತೆಗೆದು, ಮುಖ ತಗ್ಗಿಸಿ ಒಳಗೆ ಹೋದಳು. ನಾನು ಅದನ್ನು ವಿಧೇಯತೆ ಎಂದುಕೊಂಡೆ.

ಬಾಗೇವಾಡಿಯಲ್ಲಿ ಗುರುತಿನವರು ಕಂಡಾರು ಎಂದು ಮುದ್ದೇಬಿಹಾಳಕ್ಕೆ ಹೋಗಿ ಡಯಾಲಿಸಿಸ್ ಹಚ್ಚಿಸಿಕೊಳ್ಳಲು ಸುರು ಮಾಡಿದೆ. ಎಡಗೈಯಲ್ಲಿ ರಕ್ತನಾಳ ಜೋಡಿಸಿ ಹೊಲಿದಿದ್ದರು. ಆ ಜಾಗ ಉಬ್ಬಿ, ಸೂಜಿಯ ಕಲೆಗಳಿಂದ ಕಪ್ಪಾಗಿತ್ತು. ಬಿಸಿಲು ಎಷ್ಟೇ ಇರಲಿ ತುಂಬುತೋಳಿನ ಅಂಗಿ. ಶಾಲೆಯಲ್ಲಿ ಹೆಡ್ ಮಾಸ್ತರರಿಗೆ ಮಾತ್ರ ಗೊತ್ತು. ಉಳಿದವರು ಕೇಳಿದರೆ “ಇಲಾಖೆ ತರಬೇತಿ” ಎನ್ನುತ್ತಿದ್ದೆ. ಎರಡು ವರ್ಷ ಮುಗಿಯದ ತರಬೇತಿ ಯಾವ ಇಲಾಖೆಯಲ್ಲಿದೆ ಎಂದು ಯಾರೂ ಕೇಳಲಿಲ್ಲ, ನನ್ನ ಮುಖ ನೋಡಿ ಕೇಳುವ ಧೈರ್ಯ ಆಗಿರಲಿಕ್ಕಿಲ್ಲ.

ಆಟ ಅಂಟಿಕೊಂಡದ್ದು ಅಲ್ಲೇ. ಒಂದು ಕೈ ಯಂತ್ರಕ್ಕೆ, ಇನ್ನೊಂದು ಕೈ ಖಾಲಿ. ಪ್ರವಚನ ಕೇಳೋಣವೆಂದು ಮೊಬೈಲ್ ಹಿಡಿದರೆ ನಡುವೆ ಜಾಹೀರಾತು ಬಂತು. ಕೂದಲು ಕೆದರಿದ ಒಬ್ಬ ಮದುಮಗಳು ಅಳುತ್ತ ನಿಂತಿದ್ದಾಳೆ. ಅವಳಿಗೆ ಎರಡು ಸೀರೆ ತೋರಿಸುತ್ತಾರೆ. ಯಾವುದೋ ಒಂದು ಕೈ ಬಂದು ತಪ್ಪು ಸೀರೆಯನ್ನೇ ಆರಿಸುತ್ತದೆ. ಅವಳು ಇನ್ನಷ್ಟು ಅಳುತ್ತಾಳೆ. ಮೂವತ್ತು ವರ್ಷ ತಪ್ಪು ಉತ್ತರಕ್ಕೆ ಕೆಂಪು ಗೀಟು ಎಳೆದವನಿಗೆ ಇದನ್ನು ಸಹಿಸಲು ಆಗುತ್ತದೆಯೇ? ಇನ್ನೊಂದು ದಿನವೂ ಅದೇ ತಪ್ಪು. ಮೂರನೆಯ ದಿನ “ಏ ಕತ್ತೀ, ಆ ನೀಲಿದು ತಗೀ!” ಎಂದು ಒದರಿದೆ. ಒದರಿದ ಮೇಲೆ ಆಟವನ್ನು ಇಳಿಸಿಕೊಂಡೆ.

ಪಕ್ಕದ ಹಾಸಿಗೆಯಲ್ಲಿ ನಿಡಗುಂದಿಯ ದಾವಲಬಿ ಇರುತ್ತಿದ್ದಳು. ಊರೂರು ತಿರುಗಿ ಬಳೆ ಮಾರುತ್ತಿದ್ದ ಹೆಂಗಸು, ಕಿಡ್ನಿ ಹೋದ ಮೇಲೆ ಮನೆಯಲ್ಲೇ ಅಂಗಡಿ. ಮೊದಮೊದಲು ನಾನು ಮೊಬೈಲನ್ನು ಅವಳಿಗೆ ಕಾಣದಂತೆ ಎದೆಗೆ ಆನಿಸಿ ಹಿಡಿಯುತ್ತಿದ್ದೆ. ಒಂದು ದಿನ ಅವಳೇ ಕತ್ತು ಚಾಚಿ ನೋಡಿದಳು.

“ಮಾಸ್ತರ್ರ, ಹಸರ ಸೀರಿಗಿ ಆ ನೀಲಿ ಬಳಿ ಹಾಕಬ್ಯಾಡ್ರಿ. ಕೆಂಪ ಚುಕ್ಕಿದು ಹಾಕ್ರಿ.”

ಮೊಬೈಲನ್ನು ಎದೆಯ ಮೇಲೆ ಬೋರಲು ಹಾಕಿದೆ. “ನಮ್ಮ ತಂಗಿ ಮಗಳ ಆಟ, ಹಂಗ ನೋಡಾಕತ್ತಿದ್ನಿ” ಎಂದೆ.

“ಇರ್ಲಿ ಬಿಡ್ರಿ. ನಾಕ ತಾಸ ಸಾವಿನ ಬಗ್ಗೆ ವಿಚಾರ ಮಾಡೂದಕ್ಕಿಂತ ಬಳಿ ಬಗ್ಗೆ ಮಾಡೂದ ಪಾಡ.”

ಅಂದಿನಿಂದ ಅವಳು ನನ್ನ ಗುರು. ಯಾವ ಮುಖಕ್ಕೆ ಯಾವ ಬೊಟ್ಟು, ಯಾವ ಅಂಚಿಗೆ ಯಾವ ಕುಬುಸ, ಎಲ್ಲ ಅವಳಿಂದ ಕಲಿತೆ. ಯಂತ್ರದ ಸದ್ದು ಮರೆತುಹೋಗುತ್ತಿತ್ತು. ಕಾಲಿನ ಸೆಳೆತ ಬಂದಾಗ ಹಲ್ಲು ಕಚ್ಚಿ ಒಂದು ಗೊಂಬೆ ಮುಗಿಸುತ್ತಿದ್ದೆ. ಈ ಬೇನೆಯಲ್ಲಿ ನನಗೆ ಸಿಕ್ಕ ಸಣ್ಣ ಸುಖ ಅದೊಂದೇ, ಅದನ್ನೂ ಕದ್ದು ಅನುಭವಿಸಿದೆ.

ಲೀಲಾಳಿಗೆ ವರ ಗೊತ್ತಾಯಿತು. ಯಂಕಂಚಿಯ ಮನೆತನ, ಹುಡುಗ ಮಲ್ಲಿಕಾರ್ಜುನ, ಎಲ್ಲರ ಬಾಯಲ್ಲಿ ಮಲ್ಲು, ಇಂಡಿ ತಾಲೂಕು ಕಚೇರಿಯಲ್ಲಿ ಸರ್ವೇಯರ್. ನಿಶ್ಚಯ ಆಯಿತು. ಅವನ ತಾಯಿ ಶಾಂತಾಬಾಯಿ ಮನೆಯ ಯಜಮಾನಿ, ನೇರ ಮಾತು, ನಕ್ಕರೆ ಓಣಿಗೆಲ್ಲ ಕೇಳಬೇಕು. ಎರಡೂ ಮನೆಯವರು ಸೇರಿ ವಾಟ್ಸಾಪ್‌ನಲ್ಲಿ ಲಗ್ನದ ಗುಂಪು ಮಾಡಿದರು.

ಒಂದು ಸೋಮವಾರ ಯಂತ್ರದ ಮೇಲಿದ್ದೆ. ಆಟದಲ್ಲಿ ಒಬ್ಬ ಮದುಮಗಳು ಬಲು ಚೆಂದ ಆಗಿದ್ದಳು, ಒಂದು ನತ್ತು ಮಾತ್ರ ಕೊರತೆ. ಚಿತ್ರವನ್ನು ಯಾರಿಗಾದರೂ ಕಳಿಸಿದರೆ ನತ್ತು ಪುಕ್ಕಟೆ ಎಂದು ಬಂತು. ಹೆಂಡತಿಯ ನಂಬರಿಗೆ ಕಳಿಸಲು ಹೋದೆ. ಕನ್ನಡಕ ಇರಲಿಲ್ಲ, ಒಂದೇ ಕೈ, ಹೆಬ್ಬೆರಳು ಜಾರಿತು. ಹಸಿರು ಸೀರೆಯ ಗೊಂಬೆ ಹೋಗಿ ಲಗ್ನದ ಗುಂಪಿನಲ್ಲಿ ಕುಳಿತಿತು. ಕೆಳಗೆ ದೊಡ್ಡ ಅಕ್ಷರದಲ್ಲಿ, “ನನ್ನ ಮದುಮಗಳು ಹೇಗಿದ್ದಾಳೆ?”

ಅಳಿಸುವುದು ಹೇಗೆಂದು ಗೊತ್ತಿಲ್ಲ. ಬೆವರಿದೆ. ಯಂತ್ರ ನೋಡುವ ಹುಡುಗಿ ಬಿ.ಪಿ. ಬಿದ್ದಿದೆಯೇನೋ ಎಂದು ಓಡಿ ಬಂದಳು. ಅಷ್ಟರಲ್ಲಿ ಶಾಂತಾಬಾಯಿಯ ದನಿ ಗುಂಪಿನಲ್ಲಿ ಬಂದೇ ಬಂತು: “ಯಪ್ಪಾ ಬೀಗರ! ನಿಮಗ ಸೀರಿ ಪಾರಖಿ ಇಷ್ಟ ಐತೇನ್ರಿ? ನಮ್ಮ ಮನ್ಯಾಗ ಗಂಡಸರಿಗೆ ಸೀರಿ, ಚಾದರ ಎರಡೂ ಒಂದ! ಇನ್ ತಡಾ ಬ್ಯಾಡ. ಈ ಶುಕ್ರವಾರ ದಿನಾ ಛಲೋ ಐತಿ, ಸಿಂದಗ್ಯಾಗ ಬಸ್ತಾ ಮಾಡೂಣು. ನೀವ ಬರಬೇಕು, ನೀವ ಆರಸಬೇಕು.”

ಬಸ್ತಾ ಎಂದರೆ ಬರೀ ಬಟ್ಟೆ ಖರೀದಿಯಲ್ಲ. ಎರಡೂ ಬೀಗರು ಒಂದೇ ಗಾದಿಯ ಮೇಲೆ ಇಡೀ ದಿನ ಕುಳಿತು ಲಗ್ನದ ಸೀರೆ, ಧೋತರ, ಮಂದಿಗೆ ಕೊಡುವ ಬಟ್ಟೆ ಎಲ್ಲ ತೆಗೆಯಬೇಕು. ಹೆಣ್ಣಿನ ತಂದೆ ಬರಲಿಲ್ಲವೆಂದರೆ ವರ್ಷಗಟ್ಟಲೆ ಮಾತು. ಶುಕ್ರವಾರ ಆಗದು ಎನ್ನಲು ನನಗೆ ಕಾರಣ ಬೇಕಿತ್ತು. ಖರೆ ಕಾರಣ ಒಂದೇ ಇತ್ತು, ಅದನ್ನು ಬಚ್ಚಿಟ್ಟಿದ್ದೆ. “ಆಗಲ್ರಿ” ಎಂದು ಬರೆದೆ.

ಲೀಲಾ ಆ ಸಂಜೆ ಬಾಗಿಲಿಗೆ ಅಡ್ಡ ನಿಂತಳು. “ಅಪ್ಪಾ, ಶುಕ್ರವಾರ ನಿನ್ನ ದಿನಾ. ಸೋಮವಾರದಿಂದ ಶುಕ್ರವಾರ ಅಂದ್ರನ ನಾಕ ದಿನದ ಅಂತರ. ಬ್ಯಾಡ.”

“ಗುರುವಾರ ಹೋಗಿ ಮಾಡಿಸಿಕೊಂಡ ಬರ್ತೇನಿ. ಮಾತಾಡೇನಿ.”

ಮಾತಾಡಿದ್ದು ಹೌದು. ಗುರುವಾರ ಯಂತ್ರ ಖಾಲಿ ಇಲ್ಲ, ಶನಿವಾರ ಬೆಳಗ್ಗೆ ಬನ್ನಿ, ಶುಕ್ರವಾರ ತಪ್ಪಿಸದಿದ್ದರೆ ಒಳ್ಳೆಯದು ಎಂದಿದ್ದರು. ಇದನ್ನು ಮನೆಯಲ್ಲಿ ಹೇಳಲಿಲ್ಲ. ಗುರುವಾರ ಎಂದಿನಂತೆ ಚೀಲ ಹಿಡಿದು ಹೊರಟು, ಮುದ್ದೇಬಿಹಾಳದ ಬಸ್‌ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಐದು ತಾಸು ಕುಳಿತೆ. ಗೊಂಬೆಗಳಿಗೆ ಸೀರೆ ಉಡಿಸಿದೆ. ಸೂಜಿ ಚುಚ್ಚಿದಂತೆ ಕಾಣಲಿ ಎಂದು ಚೀಲದಲ್ಲಿದ್ದ ಹತ್ತಿ, ಪಟ್ಟಿ ತೆಗೆದು ನನ್ನ ಕೈಗೆ ನಾನೇ ಅಂಟಿಸಿಕೊಂಡೆ. ಬೇನೆ ಬಿದ್ದವರು ಸುಳ್ಳು ಹೇಳುವುದುಂಟು. ಆದರೆ ಐವತ್ತಾರರ ಮಾಸ್ತರ ಸುಳ್ಳು ಪಟ್ಟಿ ಹಚ್ಚಿಕೊಂಡು ಬಸ್ಸು ಹತ್ತಿದ್ದನ್ನು ನೆನೆದರೆ ಈಗಲೂ ಮುಖ ಎಲ್ಲಿ ಇಟ್ಟುಕೊಳ್ಳಲಿ ಅನಿಸುತ್ತದೆ. ರಾತ್ರಿ ಮಹಾದೇವಿ ಆ ಪಟ್ಟಿಯ ಮೇಲೆ ಕೈ ಆಡಿಸಿ, “ಇವತ್ತ ತ್ರಾಸ ಆಗ್ಲಿಲ್ಲ ಹೌದಿಲ್ರಿ?” ಎಂದು ಕೇಳಿದಳು.

ಶುಕ್ರವಾರ ಸಿಂದಗಿಯ ಅಂಗಡಿ. ಬಿಳಿ ಗಾದಿ, ಲೋಡು, ಎದುರಿಗೆ ಸೀರೆಯ ರಾಶಿ. ಪಾದ ಆಗಲೇ ಬಾತಿದ್ದವು. ಆದರೂ ಸೀರೆ ಬಿಚ್ಚತೊಡಗಿದ್ದೇ ತಡ, ನನಗೆ ಎಲ್ಲಿಂದಲೋ ಹುರುಪು ಬಂತು. “ಆ ಅಂಚ ಬ್ಯಾಡ. ಸೆರಗ ತೋರಸ್ರಿ. ಇದರ ಮ್ಯಾಲ ಜಾಂಬಳಿ ಕುಬಸ.” ಅಂಗಡಿಯವನೇ ಬೆರಗಾದ. ಶಾಂತಾಬಾಯಿ ತೊಡೆ ತಟ್ಟಿ ನಕ್ಕರು. “ಬೀಗರ, ಮಾಸ್ತರಕಿ ಬಿಟ್ಟ ಅಂಗಡಿ ಹಾಕ್ರಿ!”

ಲೀಲಾ ಕುಂಕುಮ ಬಣ್ಣದ ಒಂದು ಸಾದಾ ಇಳಕಲ್ ಸೀರೆಯನ್ನು ಎರಡು ಸಲ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. ನಾನು ಎರಡೂ ಸಲ ತೆಗೆದು ಬದಿಗಿಟ್ಟೆ. ಜರಿ ತುಂಬಿದ ಜಾಂಬಳಿ, ಅಂದರೆ ನೇರಳೆ ಬಣ್ಣದ ಸೀರೆ ಆರಿಸಿದೆ, ಆಟದಲ್ಲಾದರೆ ಅದಕ್ಕೆ ಐದು ಚುಕ್ಕಿ ಬರುತ್ತಿತ್ತು. ಗೊಂಬೆ ಎಂದೂ ಬೇಡ ಎಂದಿರಲಿಲ್ಲ, ಲೀಲಾಳೂ ಎನ್ನಲಿಲ್ಲ.

ಮಧ್ಯಾಹ್ನ ಅವಳನ್ನೂ ಮಹಾದೇವಿಯನ್ನೂ ಒಳಕೋಣೆಗೆ ಕರೆದೊಯ್ದು ಸೀರೆ ಉಡಿಸಿ ನೋಡುತ್ತಿದ್ದರು. ಆಗ ಶಾಂತಾಬಾಯಿ ಎಳನೀರು ತರಿಸಿದರು. ತಾವೇ ಕೈಯಾರೆ ನನ್ನ ಮುಂದೆ ಹಿಡಿದರು.

“ಬ್ಯಾಡ್ರಿ ಬೀಗತೇರ, ಈಗ ಚಹಾ ಆಗೇತಿ.”

“ಏನ್ರಿ, ನಮ್ಮ ಕೈಲೆ ಕುಡಿಯಂಗಿಲ್ಲೇನ? ಸಂಬಂಧ ಇನ್ನ ಗಟ್ಟಿ ಆಗಿಲ್ಲೇನ?”

ನಗುತ್ತಲೇ ಕೇಳಿದರು. ಕುಡಿದೆ. “ಒಂದ ಕುಡದ ಹೊಂಟವರ ಯಾರ್ರಿ” ಎಂದು ಇನ್ನೊಂದು ಹಿಡಿದರು. ಅದನ್ನೂ ಕುಡಿದೆ. ಮೇಲೆ ಒಂದು ಬಾಳೆಹಣ್ಣು. ನಾಲ್ಕು ದಿನ ಒಣಗಿದ ನಾಲಿಗೆಗೆ ಆ ಎಳನೀರು ಅಮೃತದಂತಿತ್ತು, ಇದನ್ನೂ ಮುಚ್ಚಿಡುವುದಿಲ್ಲ.

ಸಂಜೆ ನಾಲ್ಕೂವರೆಗೆ ಮಲ್ಲು ಕಚೇರಿ ಕೆಲಸ ಮುಗಿಸಿ ಬಂದ. “ಬೀಗರಿಗೆ ಎರಡ ಎಳನೀರ ಕುಡಿಸೇನಿ” ಎಂದು ಶಾಂತಾಬಾಯಿ ಅವನಿಗೆ ಹೆಮ್ಮೆಯಿಂದ ಹೇಳಿದರು. ನನಗೆ ಆಗಲೇ ಉಸಿರು ಮೇಲೆ ಮೇಲೆ ಬರುತ್ತಿತ್ತು. ತುಟಿ ಜೋಮು ಹಿಡಿದಿತ್ತು. ಕಾಲು ನನ್ನವಲ್ಲ ಅನಿಸಿತು. ಯಾವುದೋ ಸೀರೆಯ ಅಂಚು ಹಿಡಿದು ಏನೋ ಹೇಳಲು ಹೋದವನು ಅದೇ ರಾಶಿಯ ಮೇಲೆ ಕುಸಿದೆ. ಲೀಲಾ “ಅಪ್ಪಾ!” ಎಂದು ಚೀರಿದ್ದು ಕೇಳಿತು.

ಹತ್ತಿರದ ಆಸ್ಪತ್ರೆಗೆ ಒಯ್ದರು. ಅರೆಗಣ್ಣಿನಲ್ಲಿ ಕಂಡದ್ದು ಇಷ್ಟು: ನರ್ಸಮ್ಮ ನನ್ನ ಎಡತೋಳಿಗೆ ಬಿ.ಪಿ. ಪಟ್ಟಿ ಸುತ್ತಲು ಬಂದಳು. ಮಲ್ಲು ಅವಳ ಕೈ ತಡೆದ.

“ಆ ಕೈ ಬ್ಯಾಡ್ರಿ ಸಿಸ್ಟರ್, ಡಯಾಲಿಸಿಸ್ ಕೈ ಅದು. ಬಲಗೈಗೆ ಕಟ್ರಿ. ಡಾಕ್ಟರಿಗೆ ಲಗೂನ ಹೇಳ್ರಿ, ಎರಡ ಎಳನೀರ ಕುಡದಾರ.”

ಆ ಅವಸ್ಥೆಯಲ್ಲೂ ನನಗೆ ಸಿಡಿಲು ಬಡಿದಂತಾಯಿತು. ಇವನಿಗೆ ಹೇಗೆ ಗೊತ್ತು? ಮಲ್ಲು ನನ್ನ ಕಿವಿಯ ಹತ್ತಿರ ಬಾಗಿದ. “ಮಾವಾರ, ಗುರುವಾರ ಖರೇನ ಹೋಗಿದ್ರೇನು? ಖರೆ ಹೇಳ್ರಿ, ಡಾಕ್ಟರ್ ಕೇಳಾಕತ್ತಾರ.”

ಇಲ್ಲವೆಂದು ತಲೆ ಅಲ್ಲಾಡಿಸಿದೆ. ಅವನ ಹಿಂದೆ ಮಹಾದೇವಿ, ಲೀಲಾ, ಶಾಂತಾಬಾಯಿ ನಿಂತಿದ್ದರು. ಮಹಾದೇವಿ ನನ್ನ ಕೈಯ ಸುಳ್ಳು ಪಟ್ಟಿಯನ್ನು ನೋಡಿದಳು. ನೋಡಿ ಮುಖ ತಿರುಗಿಸಿದಳು. ಮೂವತ್ತು ವರ್ಷದಲ್ಲಿ ಅವಳು ನನ್ನ ಕಡೆಗೆ ಹಾಗೆ ಬೆನ್ನು ಮಾಡಿದ್ದಿಲ್ಲ.

ಇಂಜೆಕ್ಷನ್ ಕೊಟ್ಟು, ಆಂಬುಲೆನ್ಸಿನಲ್ಲಿ ವಿಜಯಪುರಕ್ಕೆ ಕಳಿಸಿ, ಆ ರಾತ್ರಿಯೇ ಡಯಾಲಿಸಿಸ್ ಹಚ್ಚಿದರು. ಅದನ್ನೆಲ್ಲ ಬಿಡುತ್ತೇನೆ. ಮರುದಿನ ಬೆಳಗ್ಗೆ ಕಣ್ಣು ಬಿಟ್ಟಾಗ ಸ್ಟೂಲಿನ ಮೇಲೆ ಶಾಂತಾಬಾಯಿ ಕುಳಿತಿದ್ದರು. ಅತ್ತು ಕಣ್ಣು ಬಾತಿದ್ದವು. ಆದರೆ ದನಿ ಗಟ್ಟಿಯಾಗಿಯೇ ಇತ್ತು.

“ಬೀಗರ, ನಾ ಏನ್ ಹುಲಿ ಇದ್ನೇನ್ರಿ? ಒಂದ್ ಮಾತ ಹೇಳಿದ್ರ ತಿಂತಿದ್ನೇನು? ನನ್ನ ಕೈಯಾರೆ ನಿಮಗ ಇಷಾ ಕುಡಿಸಿದಂಗ ಆತಲ್ರಿ. ನಿಮಗ ಏನರ ಆಗಿದ್ರ, ಆ ಹುಡಿಗಿ ಮಾರಿ ನಾ ಜನ್ಮದಾಗ ಹೆಂಗ ನೋಡ್ಲಿ?”

ನನ್ನ ಮರ್ಯಾದೆಯ ಲೆಕ್ಕ ಹಾಕಿದ್ದೆ, ಮಗಳ ಲಗ್ನದ್ದು ಹಾಕಿದ್ದೆ. ಎಳನೀರು ಹಿಡಿದ ಕೈಯ ಲೆಕ್ಕ ಹಾಕಿರಲಿಲ್ಲ. “ತಪ್ಪಾತ್ರಿ” ಎಂದೆ. ಜೀವನದಲ್ಲಿ ಆ ಮಾತನ್ನು ಬೇರೆಯವರಿಂದ ಹೇಳಿಸಿದ್ದೆ, ಹೇಳಿದ್ದು ಕಡಿಮೆ. ಒಮ್ಮೆ ಹೇಳಿದ ಮೇಲೆ ಎಲ್ಲ ಹೇಳಿದೆ. ತರಬೇತಿಯ ಸುಳ್ಳು, ಬಸ್‌ಸ್ಟ್ಯಾಂಡು, ಗೊಂಬೆ ಕೂಡ. ಗೊಂಬೆಯ ಮಾತು ಬಂದಾಗ ಅವರು, “ಅಂದ್ರ ಆ ಹಸರ ಸೀರಿ ಅಂಗಡ್ಯಾಗ ಸಿಗೂದಿಲ್ಲೇನ್ರಿ? ನಾ ನನಗೂ ಒಂದ್ ಹುಡುಕಾಕತ್ತಿದ್ನಿ” ಎಂದು ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಸಂಬಂಧ ಮುರಿಯುವ ಮಾತು ಅವರ ಬಾಯಿಂದ ಬರಲೇ ಇಲ್ಲ. ಲಗ್ನ ಭಾನುವಾರಕ್ಕೆ ಇಟ್ಟುಕೊಳ್ಳೋಣ, ನಿಮ್ಮ ಸೋಮವಾರ, ಶುಕ್ರವಾರ ತಪ್ಪಬಾರದು ಎಂದು ಎದ್ದು ಹೋದರು.

ಆಮೇಲೆ ಲೀಲಾ ಬಂದಳು. ನಾನು ಕೇಳಬೇಕಾದ್ದು ಒಂದೇ ಇತ್ತು.

“ಮಲ್ಲೂಗ ಯಾವಾಗ ಹೇಳಿದಿ?”

“ನಿಶ್ಚಯದ ದಿನಾನ. ಹಿತ್ತಲದಾಗ ಐದ ಮಿನಿಟ ಮಾತಾಡಾಕ ಬಿಟ್ಟಿದ್ರಲ್ಲ, ಮೊದಲ ಅದನ್ನ ಹೇಳಿದೆ. ಇದಕ್ಕ ಒಲ್ಲೆ ಅಂದ್ರ ಈಗ ಅನ್ರಿ ಅಂದೆ. ‘ಕೈ ಯಾವ್ದು, ದಿನಾ ಯಾವ್ಯಾವು’ ಅಂತ ಕೇಳಿ ಬರಕೊಂಡ. ನಿನ್ನ ಮರ್ಯಾದಿ ಇರ್ಲಿ ಅಂತ ಅವರವ್ವಗ ಹೇಳಬ್ಯಾಡ ಅಂದೆ. ಅದ ಒಂದ ತಪ್ಪಾತ ನಂದು.”

“ನನ್ನ ತಲಿ ಮ್ಯಾಲ ಆಣಿ ಮಾಡಿದ್ದೆಲ್ಲವ್ವಾ.”

“ಮಾಡಿದ್ನಿ. ಆಣಿ ಮುರದ್ರ ನಿನಗ ಏನರ ಆಕೈತಿ ಅಂತ ದಿನಾ ಅಂಜಕೋತ ಇದ್ನಿ ಅಪ್ಪಾ. ಅಂಜಕೋತನ ಹೇಳಿದೆ.”

ಮಗಳ ಲಗ್ನಕ್ಕಾಗಿ ಬೇನೆ ಮುಚ್ಚಿಟ್ಟೆ ಎಂದು ನಾನು ನಂಬಿದ್ದೆ. ಸುಳ್ಳು. ಕೆಮ್ಮಿದರೆ ಮೂರು ತರಗತಿ ಸುಮ್ಮನಾಗುವ ಮಾಸ್ತರನನ್ನು ಯಾರೂ ಅಯ್ಯೋ ಪಾಪ ಎನ್ನಬಾರದಿತ್ತು, ಅಷ್ಟೇ. ಅದಕ್ಕೆ ಮಗಳ ಹೆಸರು ಹಚ್ಚಿದ್ದೆ. ಗೋಡೆಯ ಕಡೆ ತಿರುಗಿ ಅತ್ತೆ. ತುಸು ಹೊತ್ತಿನ ಮೇಲೆ, “ನಿನಗ ಯಾವ ಸೀರಿ ಬೇಕಿತ್ತವ್ವಾ?” ಎಂದು ಕೇಳಿದೆ.

“ಈಗ ಕೇಳ್ತಿಯೇನ?” ಎಂದಳು. ಆದರೂ ಹೇಳಿದಳು, “ಆ ಕುಂಕುಮದ್ದು.” ಲಗ್ನಕ್ಕೆ ಅದನ್ನೇ ಉಟ್ಟಳು.

ಮಹಾದೇವಿ ಮಾತ್ರ ಒಂದು ತಿಂಗಳು ನನ್ನ ಕೈಯ ಪಟ್ಟಿ ಬಿಚ್ಚಿ, ಒಳಗೆ ಸೂಜಿಯ ಗುರುತು ನೋಡಿಯೇ ಊಟಕ್ಕೆ ಹಾಕುತ್ತಿದ್ದಳು. ನಾನು ಬಾಯಿ ಮುಚ್ಚಿಕೊಂಡು ಕೈ ಚಾಚುತ್ತಿದ್ದೆ. ಶಾಲೆಗೆ ಈಗ ಅರ್ಧತೋಳಿನ ಅಂಗಿ. ಹುಡುಗರು ಮೊದಲು ಹೆದರಿ ನೋಡಿದರು, ಈಗ ಮುಟ್ಟಿ ನೋಡಲು ಬರುತ್ತಾರೆ, ಚರ್ಮದ ಕೆಳಗೆ ರಕ್ತ ಝುಂಯ್ ಎನ್ನುವುದು ಅವರಿಗೆ ದೊಡ್ಡ ಮೋಜು. ಬೆಂಚಿನ ಮೇಲೆ ನಿಲ್ಲಿಸಿದ ಆ ಹುಡುಗಿಗೆ ತರಗತಿಯ ಎದುರೇ ತಪ್ಪಾಯಿತು ಎಂದೆ. ಅವಳು ನಾಚಿ, “ಇರ್ಲಿ ಬಿಡ್ರಿ ಸರ್, ಆ ಆಟ ಈಗ ಹಳೇದಾತು” ಎಂದಳು.

ಇದನ್ನು ಒಂದು ಸೋಮವಾರ, ಯಂತ್ರದ ಪಕ್ಕ ಮಲಗಿ, ಒಂದೇ ಕೈಯಲ್ಲಿ ಮೊಬೈಲಿನಲ್ಲೇ ಬರೆಯುತ್ತಿದ್ದೇನೆ. ದಾವಲಬಿ ಪಕ್ಕದಲ್ಲಿ ನಿದ್ದೆ ಹೋಗಿದ್ದಾಳೆ. ನಿಮ್ಮಲ್ಲೂ ಯಾರಾದರೂ ತುಂಬುತೋಳಿನ ಅಂಗಿಯಲ್ಲಿ ಬೇನೆ ಮುಚ್ಚಿಕೊಂಡು ಓದುತ್ತಿದ್ದರೆ, ತೋಳು ಮಡಚಿರಿ, ಗಾಳಿ ಆಡುತ್ತದೆ. ಮೂವತ್ತು ವರ್ಷ ನಾನು ಮಾತು ಕೇಳದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದೆ. ಇವತ್ತು ನನ್ನ ಉಸಿರು ಇರುವುದು, ನನ್ನ ತಲೆ ಮುಟ್ಟಿ ಆಣೆ ಮಾಡಿಯೂ ನನ್ನ ಮಾತು ಕೇಳದ ಒಬ್ಬ ಮಗಳಿಂದ.